ಮುಖ್ಯ ಅತಿಥಿಯ ವರ್ಗಾವಣೆ

ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ನನಗೆ ಏಳು ಸಲ ವರ್ಗವಾಗಿದೆ. ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಣದ ಮೇಷ್ಟ್ರು. ನಂಜನಗೂಡಿನಿಂದ ಪೊನ್ನಂಪೇಟೆಯವರೆಗೆ ಮಕ್ಕಳ ಕೈಗೆ ಹಾಕಿ ಸ್ಟಿಕ್ಕು ಕೊಟ್ಟು, ಸೀಟಿ ಊದಿ, ಬಿಸಿಲಲ್ಲಿ ಕರ್ರಗಾಗಿ ನಿವೃತ್ತನಾದವನು. ವರ್ಗಾವಣೆಯ ಗಾಳಿಸುದ್ದಿ ಎಂದರೇನು, ಅದು ಹೇಗೆ ಮೊದಲು ಗುಮಾಸ್ತರ ಮೇಜಿನ ಮೇಲೆ ಹುಟ್ಟಿ, ಆಮೇಲೆ ಕಾಫಿ ಹೋಟೆಲಿಗೆ ಬಂದು, ಕೊನೆಗೆ ನಮ್ಮ ಮನೆಯ ಹಾಲಿನವನ ಬಾಯಿಂದ ನಮಗೇ ತಲುಪುತ್ತದೆ ಎನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅರವತ್ತಾರನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ, ಹೆಸರೂ ಕೇಳಿರದ ಒಬ್ಬ ಆಟಗಾರನ ವರ್ಗಾವಣೆಗೆ ನಾನು ಉಗುರು ಕಚ್ಚುತ್ತೇನೆಂದು ಅಂದುಕೊಂಡಿರಲಿಲ್ಲ.

ರಾಕ್‌ವಿಲ್

ಕೊರೊನಾ ಕಾಲದಲ್ಲಿ ರದ್ದಾದ ಪ್ರವಾಸ ಇದು. ಮೂರು ವರ್ಷ ತಡವಾಗಿ, ಫೆಬ್ರವರಿಯ ಚಳಿಯಲ್ಲಿ, ನಾನೂ ನನ್ನ ಹೆಂಡತಿ ಗಿರಿಜಳೂ ಅವಳ ಅಣ್ಣನ ಮನೆಗೆ ಬಂದಿಳಿದೆವು. ಭಾವ ಎಪ್ಪತ್ತರ ದಶಕದಲ್ಲಿ ಓದಲು ಬಂದು, ಇಲ್ಲೇ ವಿಜ್ಞಾನಿಯಾಗಿ, ಇಲ್ಲೇ ನಿವೃತ್ತರಾದವರು. ಅವರ ಕನ್ನಡಕ್ಕೆ ವಿಮಾನ ಹತ್ತಿದ ದಿನವೇ ವಯಸ್ಸಾಗುವುದು ನಿಂತಿದೆ. ನಾವು ಮೈಸೂರಿನಲ್ಲಿ ಮರೆತ ಮಾತುಗಳೆಲ್ಲ ಅವರ ಬಾಯಲ್ಲಿವೆ.

ಮೊದಲ ಸಂಜೆಯೇ ಅವರು ನನ್ನನ್ನು ಟಿ.ವಿ. ಮುಂದೆ ಕೂರಿಸಿದರು. “ನೋಡು ಶ್ರೀಕಂಠ, ನಿನ್ನ ಆಟ.”

ಅದು ನನ್ನ ಆಟವಾಗಿರಲಿಲ್ಲ. ಮಂಜುಗಡ್ಡೆಯ ಮೇಲೆ ದಿಂಬು ಹಾಸಿಗೆಗಳನ್ನೆಲ್ಲ ಮೈಗೆ ಸುತ್ತಿಕೊಂಡಂತಿದ್ದ ಗಂಡಸರು ಒಂದು ಕಪ್ಪು ರಬ್ಬರ್ ಬಿಲ್ಲೆಯ ಹಿಂದೆ ಜಾರುತ್ತಿದ್ದರು. ನಮ್ಮ ಹಾಕಿಯಲ್ಲೂ ಬದಲಿ ಆಟಗಾರ ಬರುತ್ತಾನೆ. ಆದರೆ ಒಬ್ಬ ಆಚೆ ಬಂದ ಮೇಲೆ, ಮರ್ಯಾದೆಯಾಗಿ ಗೆರೆ ದಾಟಿ ಒಳಗೆ ಹೋಗುತ್ತಾನೆ. ಇಲ್ಲಿ ಐದೈದು ಜನ, ಮಾವಿನ ತೋಟಕ್ಕೆ ನುಗ್ಗುವ ಹುಡುಗರ ಹಾಗೆ, ಗೋಡೆ ಹಾರಿ ಒಳಗೆ ಬರುತ್ತಾರೆ, ಹೊರಗೂ ಹೋಗುತ್ತಾರೆ. ಇಬ್ಬರು ಕೈಗವಸು ಬಿಸಾಡಿ ಹೊಡೆದಾಡತೊಡಗಿದರು. ಅಂಪೈರು ಪಕ್ಕದಲ್ಲಿ ನಿಂತು, ಅವರಿಗೆ ಸುಸ್ತಾಗುವವರೆಗೂ ಕಾದ. ನಾನು ಎದ್ದು ನಿಂತು ಇಲ್ಲದ ಸೀಟಿಗಾಗಿ ಕೊರಳು ತಡಕಿದೆ. ಗಿರಿಜ ಸೋಫಾ ಮೇಲೆ ಬಿದ್ದು ಬಿದ್ದು ನಕ್ಕಳು.

ಭಾವನಿಗೆ ಈ ಹುಚ್ಚು ಹಿಡಿಸಿದವಳು ಮೊಮ್ಮಗಳು ಈಶಾ. ಅವರ ಮಗಳು ಸುಮನ ಮತ್ತು ಅಳಿಯ ಪ್ರಶಾಂತ ಇರುವುದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ಹನ್ನೊಂದು ವರ್ಷದ ಈಶಾ ಅಲ್ಲಿನ ಹುಡುಗಿಯರ ತಂಡದಲ್ಲಿ ಗೋಲಿ, ಅಂದರೆ ಗೋಲ್ ಕಾಯುವವಳು. ಅವಳಿಗೆ ಕಲಿಸುವ ಕೋಚ್ ಡ್ಯಾನಿ ಎಂಬಾತ, ಅರ್ಧ ಗಂಟೆ ದೂರದ ಊರಿನ ವೃತ್ತಿಪರ ತಂಡದ ಗೋಲಿ. ದೊಡ್ಡ ಲೀಗಿಗಿಂತ ಎರಡು ಮೆಟ್ಟಿಲು ಕೆಳಗಿನ ತಂಡ ಅದು. ಸಂಜೆ ಆಡುತ್ತಾರೆ, ಬೆಳಗ್ಗೆ ಮಕ್ಕಳಿಗೆ ಹೇಳಿಕೊಡುತ್ತಾರೆ.

ಅದೇ ವಾರ ಪ್ರಶಾಂತ ನನಗೆ ಫೋನು ಮಾಡಿದ. ಅಲ್ಲಿನ ಕನ್ನಡ ಶಾಲೆಗೆ ಅವನು ಕಾರ್ಯದರ್ಶಿ. “ಮಾವ, ಆ್ಯನ್ಯುಯಲ್ ಡೇಗೆ ಚೀಫ್ ಗೆಸ್ಟ್ ಫಿಕ್ಸ್ ಆಯ್ತು. ಕೋಚ್ ಡ್ಯಾನಿ. ಈಶಾನೇ ಲೆಟರ್ ಬರೆದು ಇನ್ವೈಟ್ ಮಾಡಿದ್ಲು, ಅವ್ನು ಯೆಸ್ ಅಂದ್ಬಿಟ್ಟ. ಅತಿಥಿ ಪರಿಚಯ ಅವ್ಳೇ ಕನ್ನಡದಲ್ಲಿ ಮಾಡ್ಬೇಕು. ನೀವೇ ಬರ್ದು ಪ್ರ್ಯಾಕ್ಟೀಸ್ ಮಾಡಿಸ್ಬೇಕು.”

ನಾನು ಒಪ್ಪಿದೆ. ಮೂವತ್ತೊಂದು ವರ್ಷ ನಾನು ಶಾಲಾ ವಾರ್ಷಿಕೋತ್ಸವಗಳಲ್ಲಿ ಕುರ್ಚಿ ಹಾಕಿಸಿದ್ದೇನೆ. ಭಾಷಣ ಬರೆಯಲು ಮಾತ್ರ ಯಾರೂ ಕರೆದಿರಲಿಲ್ಲ.

ಫೋನಿಟ್ಟ ಮೇಲೆ ಭಾವ ಕನ್ನಡಕ ಮೂಗಿನ ತುದಿಗಿಳಿಸಿ ನನ್ನನ್ನು ನೋಡಿದರು. “ಇವರಿಗೆಲ್ಲ ಬುದ್ಧಿ ಇಲ್ಲವಪ್ಪ. ಆ ತಂಡದಲ್ಲಿ ಗೋಲಿಗಳು ಮೂವರು. ಪಂದ್ಯಕ್ಕೆ ಸಜ್ಜಾಗಿ ಕೂರುವವರು ಇಬ್ಬರೇ. ಮೂರನೆಯವನೇ ಈ ಡ್ಯಾನಿ. ಮಾರ್ಚಿನಲ್ಲಿ ಆಟಗಾರರನ್ನ ಅದಲುಬದಲು ಮಾಡೋದಕ್ಕೆ ಕಡೇ ದಿನ. ಪಶ್ಚಿಮದ ಒಂದು ತಂಡಕ್ಕೆ ಅನುಭವಸ್ಥ ಗೋಲಿ ಬೇಕಂತೆ. ಕಳಿಸಿಬಿಡ್ತಾರೆ ಇವನನ್ನ.”

“ನಿಮಗೆ ಯಾರು ಹೇಳಿದ್ದು?”

“ಎಲ್ಲರೂ ಹೇಳ್ತಿದಾರೆ.” ಫೋನು ತೋರಿಸಿದರು. ಅಭಿಮಾನಿಗಳು ಹರಟುವ ಒಂದು ತಾಣ. ಗೋಲಿ ಹೋಗುವುದು ಖಚಿತ ಎಂದು ಅಲ್ಲಿ ಉದ್ದುದ್ದ ಬರೆದವನ ಹೆಸರು ‘ಕರ್ಡ್ ರೈಸ್’.

“ಇದು ಯಾರು ಭಾವ?”

ಅವರು ಫೋನು ಜೇಬಿಗಿಟ್ಟುಕೊಂಡು, ಊಟದ ಹೊತ್ತಾಯಿತಲ್ಲವೇ ಎಂದು ಎದ್ದುಹೋದರು. ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹೊಗೆ ಹಾಕುವವರೇ ಇದ್ದರು.

ಅಟ್ಲಾಂಟಾ

ಗಿರಿಜಳ ಕಾಲೇಜು ಗೆಳತಿಯೊಬ್ಬಳು ಅಟ್ಲಾಂಟಾದ ಹೊರವಲಯದಲ್ಲಿದ್ದಾಳೆ. ಭಾವನನ್ನೂ ಕರೆದುಕೊಂಡು ನಾಲ್ಕು ದಿನಕ್ಕೆ ಅಲ್ಲಿಗೆ ಹೋದೆವು. ಆ ವಿಮಾನ ನಿಲ್ದಾಣದ ಒಳಗೇ ರೈಲು ಓಡುತ್ತದೆ. ಗಿರಿಜ ಹತ್ತಿದಳು, ನಾನು ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತ ನಿಂತೆ, ಬಾಗಿಲು ಮುಚ್ಚಿತು. ಗಾಜಿನಾಚೆ ಅವಳು ಏನೋ ಬೈಯುತ್ತ ಮುಂದೆ ಹೋಗಿಬಿಟ್ಟಳು. ನಂಜನಗೂಡಿನಲ್ಲಾದರೆ ಕಂಡಕ್ಟರಿಗೆ ಒಂದು ಸೀಟಿ ಹೊಡೆದಿದ್ದರೆ ಸಾಕಿತ್ತು. ಇಲ್ಲಿ ಯಾರಿಗೆ ಹೊಡೆಯುವುದು, ಡ್ರೈವರೇ ಇಲ್ಲ. ಮುಂದಿನ ನಿಲ್ದಾಣದಲ್ಲಿ ಅವಳು ಯಾರೋ ಅಜ್ಜಿಯ ಜೊತೆ ಬೆಂಚಿನ ಮೇಲೆ ಕೂತು, ಅವರ ಮೊಮ್ಮಕ್ಕಳ ಫೋಟೋ ನೋಡುತ್ತಿದ್ದಳು. ನಾನು ಬಂದೆನೆಂದು ಅವಳಿಗೆ ಅಂಥ ಸಂತೋಷವೇನೂ ಆದಂತೆ ಕಾಣಲಿಲ್ಲ.

ಡ್ಯಾನಿಯ ತಂಡಕ್ಕೆ ಶುಕ್ರವಾರ ಅಲ್ಲೇ ಹತ್ತಿರ ಪಂದ್ಯವಿತ್ತು. ಪ್ರಶಾಂತ ಈಶಾಳನ್ನು ಕೂರಿಸಿಕೊಂಡು ಕ್ಯಾರಿಯಿಂದ ಡ್ರೈವ್ ಮಾಡಿಕೊಂಡು ಬಂದಿದ್ದ. ವಾಪಸು ಹೋಗುವಾಗ ನಮ್ಮನ್ನೂ ಅದೇ ಕಾರಿನಲ್ಲಿ ಕರೆದೊಯ್ಯುವುದೆಂದು ಮಾತಾಗಿತ್ತು. ನಾವೈದೂ ಜನ ಪಂದ್ಯಕ್ಕೆ ಹೋದೆವು.

ನನಗೆ ಮೆಚ್ಚಿಗೆಯಾದದ್ದು ಒಂದೇ. ವಿರಾಮದಲ್ಲಿ ಒಂದು ಗಾಡಿ ಬಂದು, ಗೀರುಬಿದ್ದ ಮಂಜನ್ನೆಲ್ಲ ಕೆರೆದು, ತೆಳ್ಳಗೆ ನೀರು ಬಿಟ್ಟು, ಅಂಗಳ ಸಾರಿಸಿದ ಹಾಗೆ ಇಡೀ ಮೈದಾನ ಸಾರಿಸಿ ಹೋಯಿತು. ರಂಗೋಲಿ ಒಂದು ಬಾಕಿ ಎಂದು ಗಿರಿಜ ಹೇಳಿದಳು.

ನಮ್ಮ ಎರಡು ಸಾಲು ಮುಂದೆ ಕಪ್ಪು ಕೋಟು, ಟೈ ಹಾಕಿಕೊಂಡ ಒಬ್ಬ ದೊಡ್ಡ ಆಳು, ಕಾಗದದ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಕೂತಿದ್ದ. ಬಿಲ್ಲೆ ಎಲ್ಲಿಂದ ಬಂತು, ಎತ್ತ ಹೋಯಿತು ಎಂದು ಬರೆದುಕೊಳ್ಳುತ್ತಿದ್ದ. ಮದುವೆ ಮನೆಯಲ್ಲಿ ಉಡುಗೊರೆ ಬರೆದುಕೊಳ್ಳುವ ಸೋದರಮಾವನಂತಿದ್ದ. ಈಶಾ ಅವನ ಹತ್ತಿರ ಓಡಿದಳು. “ತಾತಾ, ಕಮ್. ದಿಸ್ ಈಸ್ ಕೋಚ್ ಡ್ಯಾನಿ.”

ಆಡದ ದಿನ ಹೀಗೆ ಕೋಟು ಹಾಕಿಕೊಂಡು ಮೇಲೆ ಕೂರಬೇಕಂತೆ. ಕೆನಡಾದ ಯಾವುದೋ ಹಿಮದೂರಿನವನು, ಮೂವತ್ತೊಂದು ವರ್ಷ. ನಾನು ನಮ್ಮೂರ ಹಾಕಿ ಮೇಷ್ಟ್ರು ಎಂದು ಈಶಾ ಹೇಳಿದ್ದೇ ತಡ, ಎದ್ದು ನಿಂತು ಕೈ ಕುಲುಕಿದ. ಆ ಕೈಯೊಳಗೆ ನನ್ನ ಕೈ ಕಾಣದೇ ಹೋಯಿತು. ನಾನು ಇಂಗ್ಲಿಷಿನಲ್ಲಿ, ನನ್ನ ಸರ್ಕಾರಿ ಶಾಲೆಯ ಇಂಗ್ಲಿಷಿನಲ್ಲಿ, ನೇರವಾಗಿ ಕೇಳಿದೆ: ನಿಮಗೆ ವರ್ಗವಾಗುತ್ತದಂತೆ, ಹೌದೇ?

ಪ್ರಶಾಂತ ಮುಖ ಮುಚ್ಚಿಕೊಂಡ. ಇಲ್ಲಿ ಇಂಥದ್ದನ್ನು ಎದುರಿಗೇ ಕೇಳುವುದಿಲ್ಲವೆಂದು ಆಮೇಲೆ ಗೊತ್ತಾಯಿತು. ನಮ್ಮಲ್ಲಾದರೆ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವ ಮೊದಲ ಪ್ರಶ್ನೆಯೇ ಅದು. ಡ್ಯಾನಿ ನಕ್ಕ. ಗೊತ್ತಿಲ್ಲ ಎಂದ. ಆಟಗಾರನನ್ನು ಯಾರೂ ಕೇಳುವುದಿಲ್ಲ. ಫೋನು ಬರುತ್ತದೆ, ಮರುದಿನ ಹೊಸ ಊರಲ್ಲಿರಬೇಕು. ಅವನಿಗೆ ಇದಾದರೆ ನಾಲ್ಕನೆಯ ಸಲ. ಮೊದಲ ಮೂರು ಸಲ ಬೇಸರವಾಗಿರಲಿಲ್ಲ. ಈಗ ಹೆಂಡತಿ ಮೆಗನ್‌ಗೆ ಏಳು ತಿಂಗಳು. ಅವಳ ಕೆಲಸ ಈಗಿರುವ ಊರಲ್ಲಿ, ಡಾಕ್ಟರೂ ಅಲ್ಲೇ. ಪಶ್ಚಿಮದ ತಂಡದ ಊರು ಎರಡು ಹಗಲಿನ ಡ್ರೈವು. ಅವಳನ್ನು ಕರೆದುಕೊಂಡು ಹೋಗುವಂತಿಲ್ಲ, ಬಿಟ್ಟು ಹೋಗುವ ಮನಸ್ಸಿಲ್ಲ.

ನಮ್ಮಲ್ಲಿ ಹೀಗಾದರೆ ಮೆಡಿಕಲ್ ಸರ್ಟಿಫಿಕೇಟು ಹಾಕಿ ಮಲಗುತ್ತೇವೆ, ಇಲ್ಲವೇ ಎಂ.ಎಲ್.ಎ. ಹತ್ತಿರ ಪತ್ರ ತರುತ್ತೇವೆ ಎಂದೆ. ನಿಮಗೆ ಯಾರಾದರೂ ಗೊತ್ತಿದ್ದಾರಾ ಎಂದು ಅವನು ಬಹಳ ಗಂಭೀರವಾಗಿ ಕೇಳಿದ. ಗೊತ್ತಿದ್ದವರು ಚುನಾವಣೆಯಲ್ಲಿ ಸೋತರೆಂದೆ.

ಅವನಿಗೆ ಹೇಳದ ಒಂದು ಮಾತಿದೆ. ನನ್ನ ಮೂರನೆಯ ವರ್ಗಾವಣೆ ಗುಂಡ್ಲುಪೇಟೆಗೆ. ಆಗ ಗಿರಿಜಳಿಗೆ ಎಂಟು ತಿಂಗಳು. ಪತ್ರ ತರಲು ನಾನು ಯಾರ ಹತ್ತಿರವೂ ಹೋಗಲಿಲ್ಲ. ಸ್ವಾಭಿಮಾನ ಎಂದುಕೊಂಡಿದ್ದೆ, ನಿಜವಾಗಿ ಸಂಕೋಚ. ಮಗಳು ಹುಟ್ಟಿದ ಸುದ್ದಿ ನನಗೆ ಸಿಕ್ಕಿದ್ದು ಕ್ರೀಡಾಕೂಟದ ಮೈದಾನದಲ್ಲಿ, ಒಂದು ದಿನ ತಡವಾಗಿ. ಗಿರಿಜ ಅದನ್ನು ಒಮ್ಮೆಯೂ ಎತ್ತಿ ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಆ ಕೋಟಿನವನು ಪೆನ್ಸಿಲಿನಿಂದ ಗುರುತು ಹಾಕುತ್ತಲೇ ನಡುನಡುವೆ ಫೋನು ನೋಡಿಕೊಳ್ಳುತ್ತಿದ್ದುದನ್ನು ಕಂಡಾಗ, ಇವನು ಹೋಗಬಾರದು ಎಂದು ನಾನು ಮನಸ್ಸಿನಲ್ಲೇ ಚಾಮುಂಡಿಗೆ ಹೇಳಿಕೊಂಡೆ.

ಕ್ಯಾರಿ

ಕ್ಯಾರಿಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಮೊದಲ ಬೆಳಗ್ಗೆ ವಾಕಿಂಗ್ ಹೋದವನು ವಾಪಸು ಬರುವಾಗ ಬೇರೆಯವರ ಮನೆ ಬೆಲ್ಲು ಒತ್ತಿದೆ. ಬಾಗಿಲು ತೆರೆದವರು ಮಂಡ್ಯದವರು. ಕಾಫಿ ಕೊಟ್ಟು, ಮಗನನ್ನು ಜೊತೆ ಮಾಡಿ ಮನೆಗೆ ಕಳಿಸಿದರು.

ಊಟದ ಮೇಜಿನ ಮೇಲೆ ಆಮಂತ್ರಣ ಪತ್ರಿಕೆಯ ಕಟ್ಟು ಬಿದ್ದಿತ್ತು. ಬಣ್ಣದ ಅಚ್ಚು, ‘ಮುಖ್ಯ ಅತಿಥಿ: ಖ್ಯಾತ ಐಸ್ ಹಾಕಿ ತಾರೆ’ ಎಂದು ಡ್ಯಾನಿಯ ಫೋಟೋ. ಭಾವ ತಾರೀಖು ನೋಡಿದವರೇ ಕುರ್ಚಿಯಿಂದ ಎದ್ದರು.

“ಪ್ರಶಾಂತ, ಯಾವ ಪುಣ್ಯಾತ್ಮನಪ್ಪ ಈ ದಿನ ಇಟ್ಟದ್ದು?”

“ಹಾಲ್ ಅವತ್ತೊಂದು ದಿನಾನೇ ಸಿಕ್ಕಿದ್ದು ಮಾವ. ಯಾಕೆ?”

“ಅದಲುಬದಲಿಗೆ ಕಡೇ ದಿನ ಅವತ್ತೇ. ಶನಿವಾರ, ಮಧ್ಯಾಹ್ನ ಮೂರು ಗಂಟೆ.”

ಪ್ರಶಾಂತ ಪತ್ರಿಕೆಯನ್ನು ನೋಡಿದ, ಗೋಡೆಯ ಕ್ಯಾಲೆಂಡರ್ ನೋಡಿದ. ಶಾಲೆಯ ಅಧ್ಯಕ್ಷರು ಮೂರ್ತಿ ಅಂಕಲ್, ಮೂವತ್ತು ವರ್ಷದಿಂದ ಇಲ್ಲಿ ಹೃದಯದ ಡಾಕ್ಟರು. ಅವರಿಗೆ ಫೋನು ಹೋಯಿತು. ಅವರು ಅಲ್ಲಾಡಲಿಲ್ಲ. “ಪ್ರೋಗ್ರಾಂ ಹನ್ನೊಂದಕ್ಕೆ ಶಾರ್ಪ್ ಶುರು. ಒಂದೂವರೆಗೆ ಮುಗಿಯತ್ತೆ. ಮೂರಕ್ಕೂ ನಮಗೂ ಏನ್ರೀ ಸಂಬಂಧ?”

ಕನ್ನಡದ ಕಾರ್ಯಕ್ರಮವೊಂದು ಹನ್ನೊಂದಕ್ಕೆ ಶುರುವಾದದ್ದನ್ನು ಕಂಡವರು ಮುಂದೆ ಬರಲಿ.

“ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ,” ಎಂದಳು ಗಿರಿಜ, ಪತ್ರಿಕೆಯ ಕಟ್ಟನ್ನು ಪಕ್ಕಕ್ಕೆ ಸರಿಸಿ ಪಲ್ಯದ ಪಾತ್ರೆ ಇಡುತ್ತ.

ಈಶಾಳ ಭಾಷಣದ ಅಭ್ಯಾಸ ದಿನವೂ ಸ್ಕೂಲ್ ಬಸ್ಸು ಬಂದ ಮೇಲೆ. ನಾನು ಬರೆದದ್ದರಲ್ಲಿ ಅರ್ಧವನ್ನು ಅವಳು ಮೊದಲ ದಿನವೇ ಹೊಡೆದುಹಾಕಿದಳು. “ತಾತಾ, ‘ಅಪ್ರತಿಮ’ ಈಸ್ ನಾಟ್ ಹ್ಯಾಪನಿಂಗ್.” ಉಳಿದದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು, ಗೋಲಿಯ ಮುಖವಾಡ ಹಾಕಿಕೊಂಡೇ ಕಂಠಪಾಠ ಮಾಡಿದಳು. ಕೊನೆಯ ಸಾಲು, ಇಂಥ ಎಲ್ಲ ಪರಿಚಯ ಭಾಷಣಗಳ ಕೊನೆಯ ಸಾಲೇ: ‘ಇವರು ಇನ್ನೂ ಬಹುಕಾಲ ನಮ್ಮೊಂದಿಗಿರಲಿ ಎಂದು ಹಾರೈಸುತ್ತೇನೆ.’

ಗುರುವಾರ ಅವಳು ಮುಖವಾಡ ಮೇಲೆತ್ತಿ ಕೇಳಿದಳು. “ತಾತ, ಅವರು ಹೋಗ್ತಾರಾ?”

“ಗೊತ್ತಿಲ್ಲ ಪುಟ್ಟ.”

“ಅಜ್ಜ ಸೇಸ್ ಹಂಡ್ರೆಡ್ ಪರ್ಸೆಂಟ್.”

“ನಿಮ್ಮಜ್ಜನಿಗೆ ಬೇರೆ ಕೆಲಸ ಇಲ್ಲ.”

ಅವಳು ನಗಲಿಲ್ಲ. ಹೋದ ವರ್ಷ ಅವಳನ್ನು ತಂಡದಿಂದ ಕೈಬಿಡುವ ಹಾಗಿದ್ದಾಗ, ತಾನು ಇವಳ ಜೊತೆ ಆರು ವಾರ ದುಡಿಯುತ್ತೇನೆಂದು ನಿಂತವನು ಡ್ಯಾನಿಯಂತೆ. ಹಾಗೆಂದು ಸುಮನ ಹೇಳಿದಳು. ನನಗೆ ಆ ಹುಡುಗಿಯ ಮುಖ ನೋಡಿ ಸಂಕಟವಾಯಿತು.

ಶನಿವಾರ

ಡ್ಯಾನಿ ಮತ್ತು ಮೆಗನ್ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಬಂದರು. ಹಾಲಿನಲ್ಲಿ ನಾನು, ಭಾವ ಮತ್ತು ಕುರ್ಚಿ ಬಿಡಿಸುತ್ತಿದ್ದ ಪ್ರಶಾಂತ ಇದ್ದೆವು. ಹನ್ನೆರಡರ ಹೊತ್ತಿಗೆ ಮೈಕು ಬಂತು. ಹನ್ನೆರಡೂವರೆಗೆ, ಕೋಲಾಟದ ಮಕ್ಕಳ ಕೋಲುಗಳು ಯಾರದೋ ಮನೆಯ ಗ್ಯಾರೇಜಿನಲ್ಲಿ ಉಳಿದಿವೆ ಎಂದು ತಿಳಿಯಿತು. ಅತಿಥಿಯನ್ನು ಎಷ್ಟು ಹೊತ್ತು ಸುಮ್ಮನೆ ಕೂರಿಸುವುದು? ಮೊದಲು ಊಟ ಆಗಲಿ ಎಂದರು ಮೂರ್ತಿ ಅಂಕಲ್.

ಪಂದ್ಯದ ದಿನ ಆಟಗಾರರು ಮಧ್ಯಾಹ್ನ ಬರೀ ಪಾಸ್ತಾ ತಿಂದು ಮಲಗುತ್ತಾರಂತೆ. ಸಂಜೆ ಏಳಕ್ಕೆ ಅವನ ತಂಡಕ್ಕೆ ಪಂದ್ಯವಿತ್ತು. ಆದರೆ ಮೂರನೆಯ ಗೋಲಿಗೆ ಪಂದ್ಯವಾದರೇನು, ಕೋಟು ಹಾಕಿಕೊಂಡು ಕೂರುವುದು ತಾನೇ. ಅವನು ಎಲೆ ಆಕಾರದ ಪೇಪರ್ ತಟ್ಟೆ ಮುಂದೆ ನಿಶ್ಚಿಂತೆಯಿಂದ ಕೂತ. ಬಿಸಿಬೇಳೆಬಾತ್, ಕೋಸಂಬರಿ, ಆಮೇಲೆ ಒಬ್ಬಟ್ಟು, ಮೇಲೆ ತುಪ್ಪ. ಬೇಡವೆನ್ನಲು ಎರಡೂ ಕೈ ತಟ್ಟೆಗೆ ಅಡ್ಡ ಹಿಡಿಯಬೇಕು ಎನ್ನುವುದು ಆ ಬಡಪಾಯಿಗೆ ತಿಳಿಯದು. ಅವನು ಬಾಯಲ್ಲಿ ಥ್ಯಾಂಕ್ಯೂ ಎಂದ. ಗಿರಿಜ ಇನ್ನೊಂದು ಹಾಕಿದಳು. ಮತ್ತೆ ಥ್ಯಾಂಕ್ಯೂ, ಮತ್ತೊಂದು. ಜೀವನವಿಡೀ ಬಿಲ್ಲೆ ತಡೆದವನು ಒಬ್ಬಟ್ಟು ತಡೆಯಲಾರದೆ ಹೋದ. ಐದು ತಿಂದ.

ಅತ್ತ ಹೆಂಗಸರು ಮೆಗನ್‌ಳನ್ನು ಸುತ್ತುವರಿದಿದ್ದರು. ಏಳು ತಿಂಗಳು ಎಂದು ಗೊತ್ತಾದ ಮೇಲೆ ಯಾರು ಬಿಡುತ್ತಾರೆ? ಅರಿಶಿನ ಕುಂಕುಮ ಕೊಟ್ಟು, ಹಸಿರು ಬಳೆ ತೊಡಿಸಿ, ಮಡಿಲಿಗೆ ತೆಂಗಿನಕಾಯಿ, ಹಣ್ಣು ಹಾಕಿದರು. ಅವಳು ತೆಂಗಿನಕಾಯಿಯನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು, ಅಳುವುದೋ ನಗುವುದೋ ಗೊತ್ತಾಗದೆ ಕೂತಿದ್ದಳು.

ಸಭೆ ಶುರುವಾಗುವಾಗ ಎರಡು ಗಂಟೆ. ವೇದಿಕೆಯ ಮೇಲೆ ಮೂರ್ತಿ ಅಂಕಲ್, ಡ್ಯಾನಿ, ದೀಪ ಹಚ್ಚಲು ಊರಿಂದ ಬಂದ ಹಿರಿಯನೆಂದು ನಾನು. ಎಲ್ಲಕ್ಕಿಂತ ಮೊದಲು ಮೂರ್ತಿ ಅಂಕಲ್ ಮೈಕ್ ಹಿಡಿದು, ದಯವಿಟ್ಟು ಎಲ್ಲರೂ ತಮ್ಮ ಮೊಬೈಲುಗಳನ್ನು ಆಫ್ ಮಾಡಬೇಕೆಂದು ವಿನಂತಿಸಿದರು. ಈ ವಿನಂತಿ ಇಲ್ಲದೆ ನಮ್ಮ ಸಭೆ ನಡೆಯುವುದಿಲ್ಲ. ಇದನ್ನು ಪಾಲಿಸಿದವರನ್ನು ನಾನು ಈವರೆಗೆ ಕಂಡಿಲ್ಲ. ಮುಂದಿನ ಸಾಲಿನ ಮಗುವೊಂದು ಡ್ಯಾನಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿತು. ಅವನು ಅತಿಥಿ, ಮರ್ಯಾದಸ್ಥ. ಜೇಬಿನಿಂದ ಫೋನು ತೆಗೆದು, ಒಂದು ಕ್ಷಣ ಅದನ್ನೇ ನೋಡಿ, ಆಫ್ ಮಾಡಿ ಒಳಗಿಟ್ಟುಕೊಂಡ. ಇನ್ನೂರು ಜನರ ಆ ಹಾಲಿನಲ್ಲಿ ಫೋನು ಆಫ್ ಆದದ್ದು ಅವನದೊಂದೇ.

ಎರಡೂವರೆಗೆ ಮೊದಲ ಸಾಲಿನಲ್ಲಿದ್ದ ಭಾವ ನನಗೆ ಒಂದು ಬೆರಳು ತೋರಿಸಿದರು. ಆಮೇಲೆ ಆ ಬೆರಳನ್ನು ಮೇಲಕ್ಕೆ ಮಾಡಿದರು. ಯಾರೋ ಸತ್ತರೆಂದುಕೊಂಡೆ. ಪ್ರಶಾಂತ ಹಿಂದಿನಿಂದ ಬಂದು ಕಿವಿಯಲ್ಲಿ ಹೇಳಿದ. “ಒಂದನೇ ಗೋಲೀನ ಮೇಲಿನ ಟೀಮಿಗೆ ಕರ್ಕೊಂಡ್ಬಿಟ್ರಂತೆ ಮಾವ. ಅಲ್ಲಿಯವನಿಗೆ ಬೆಳಗ್ಗೆ ಇಂಜುರಿ ಆಯ್ತಂತೆ.”

ಎರಡೂ ಮುಕ್ಕಾಲಿಗೆ ಭಾವ ಮತ್ತೆ ಬೆರಳೆತ್ತಿದರು. ಈ ಸಲ ಕೈ ಪಶ್ಚಿಮಕ್ಕೆ ಚಾಚಿತು. ಮುಖ ಬಾಡಿತ್ತು. ಪ್ರಶಾಂತ ಬಂದ. “ಇನ್ನೊಬ್ಬ ಗೋಲೀನ ವೆಸ್ಟಿಗೆ ಕಳಿಸಿದ್ರಂತೆ. ಯಾರು ಅಂತ ಇನ್ನೂ ನೇಮ್ ಬಂದಿಲ್ಲ.”

ಹಾಲಿನಲ್ಲಿ ತಲೆಗಳೆಲ್ಲ ಫೋನಿನ ಮೇಲೆ ಬಗ್ಗಿದ್ದವು. ಸುದ್ದಿ ಸಾಲಿನಿಂದ ಸಾಲಿಗೆ ಹರಿಯಿತು. ಒಬ್ಬೊಬ್ಬರಾಗಿ ತಲೆಯೆತ್ತಿ ಡ್ಯಾನಿಯನ್ನು ನೋಡಿದರು. ಅವನೊಬ್ಬನಿಗೇ ಏನೂ ಗೊತ್ತಿಲ್ಲ; ಮೂರ್ತಿ ಅಂಕಲ್ ಹೇಳುತ್ತಿದ್ದ ಕನ್ನಡದ ಎರಡು ಸಾವಿರ ವರ್ಷದ ಇತಿಹಾಸ ಕೇಳುತ್ತ, ಅರ್ಥವಾದವನಂತೆ ತಲೆಯಾಡಿಸುತ್ತಿದ್ದ. ನನ್ನ ಕೈಗಡಿಯಾರವನ್ನು ಅವನು ಒಂದು ಸಲ ಓರೆಗಣ್ಣಿನಿಂದ ನೋಡಿದ. ನಾನು ಕೈ ಶಾಲಿನೊಳಗೆ ಎಳೆದುಕೊಂಡೆ. ಹೇಳಬೇಕಿತ್ತೋ ಏನೋ. ಹೆಸರು ಬಾರದೆ ಏನೆಂದು ಹೇಳುವುದು?

ಈಶಾ ಮೈಕಿನ ಮುಂದೆ ಬಂದಳು. ಜರಿ ಲಂಗ, ಎರಡು ಜಡೆ. ಒಂದು ತಪ್ಪೂ ಇಲ್ಲದೆ ಹೇಳುತ್ತ ಹೋದಳು. ಅವನು ಹುಟ್ಟಿದ ಊರು, ಆಡಿದ ತಂಡಗಳು, ಅವಳಿಗೆ ಕಲಿಸಿದ್ದು. ಅಷ್ಟರಲ್ಲಿ ಮೂರನೆಯ ಸಾಲಿನಲ್ಲಿ ಫೋನು ರಿಂಗಾಯಿತು. ಮೆಗನ್‌ಳದು. ಅವಳು ಹೆಸರು ನೋಡಿ ಬಿಳಿಚಿಕೊಂಡಳು. ತೆಂಗಿನಕಾಯಿಯನ್ನು ಗಿರಿಜಳ ಕೈಗೆ ಕೊಟ್ಟು, ಹೊಟ್ಟೆ ಹಿಡಿದುಕೊಂಡು ಬಾಗಿಲಿನಾಚೆ ಹೋದಳು. ಇನ್ನೂರು ಜನ ತಿರುಗಿ ಬಾಗಿಲು ನೋಡಿದರು. ಡ್ಯಾನಿ ಎದ್ದು ನಿಂತ, ಮತ್ತೆ ಕೂತ.

“ಇವರು ಇನ್ನೂ ಬಹುಕಾಲ,” ಎಂದು ಈಶಾ ನಿಂತುಬಿಟ್ಟಳು. ಮರೆತಳೆಂದು ನಾನು ಮುಂದಿನ ಪದ ಪಿಸುಗುಟ್ಟಿದೆ. ಅವಳು ಮರೆತಿರಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಇರ್ಲಿ. ಪ್ಲೀಸ್. ಇಲ್ಲೇ ಇರ್ಲಿ.”

ಮೂರ್ತಿ ಅಂಕಲ್ ಕೂಡ ಬಾಗಿಲ ಕಡೆ ತಿರುಗಿದರು. ಹಾಲಿನಲ್ಲಿ ಕೂಸೊಂದು ಅತ್ತಿತು.

ಬಾಗಿಲು ತೆರೆಯಿತು. ಮೆಗನ್ ಕಣ್ಣೀರು ಒರೆಸಿಕೊಳ್ಳುತ್ತ ನಡುವಿನ ದಾರಿಯಲ್ಲಿ ನಿಂತಳು. ಫೋನು ಎತ್ತಿ ಹಿಡಿದು, ಇಡೀ ಸಭೆಯ ಮುಂದೆ ಗಂಡನಿಗೆ ಹೇಳಿದಳು: ಡ್ಯಾನಿ, ನಿಮ್ಮ ತಂಡದ ಕೋಚ್ ಫೋನು ಮಾಡಿದ್ದಾರೆ. ನಿನ್ನ ಫೋನು ಯಾಕೆ ಆಫ್ ಆಗಿದೆ ಎಂದು ಕೂಗಾಡುತ್ತಿದ್ದಾರೆ. ವೆಸ್ಟಿಗೆ ಹೋದವನು ನೀನಲ್ಲ, ಎರಡನೆಯವನು. ನೀನು ಇಲ್ಲೇ. ಈಗ ತಂಡದಲ್ಲಿರುವ ಗೋಲಿ ನೀನೊಬ್ಬನೇ. ಇವತ್ತು ಸಂಜೆ ನೀನೇ ಆಡಬೇಕಂತೆ.

ಚಪ್ಪಾಳೆ ಶುರುವಾದದ್ದು ಯಾರಿಂದಲೋ ತಿಳಿಯದು. ಕೋಲಾಟದ ಮಕ್ಕಳು ಕೋಲು ಬಡಿದರು. ಈಶಾ ಓಡಿ ಬಂದು ಅವನ ಕೋಟಿಗೆ ಮುಖ ಒತ್ತಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟುಕೊಂಡೇ ನನ್ನ ಕಡೆ ಬಗ್ಗಿದ. ಕಣ್ಣಲ್ಲಿ ನೀರು, ಮುಖದಲ್ಲಿ ಭಯ. ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ: “ಸರ್, ನಾನು ಐದು ತಿಂದಿದೀನಿ.”

ಅಷ್ಟು ಹೇಳುವಷ್ಟರಲ್ಲಿ ಮೂರ್ತಿ ಅಂಕಲ್ ಅವನ ತಲೆಗೆ ಮೈಸೂರು ಪೇಟ ಇಟ್ಟಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಆದ ಮೇಲೆಯೇ ಬಿಟ್ಟದ್ದು. ಪೇಟ ಹಾಕಿಕೊಂಡೇ ಅವನು ಕಾರಿನ ಕಡೆ ಓಡಿದ.

ಅದೇ ಸಂಜೆ

ವಂದನಾರ್ಪಣೆ ಯಾರಿಗೂ ಬೇಕಾಗಲಿಲ್ಲ. ಜರಿ ಸೀರೆ, ಪಂಚೆಗಳಲ್ಲೇ ಕನ್ನಡ ಶಾಲೆಯ ಅರ್ಧ ಜನ ಡ್ಯಾನಿಯ ತಂಡದ ಊರಿನ ರಿಂಕಿಗೆ, ಆ ಮಂಜಿನ ಮೈದಾನಕ್ಕೆ, ಹೋದೆವು. ಎರಡನೆಯ ಗೋಲಿಯ ಬದಲಿಗೆ ಬರಬೇಕಾದ ಹುಡುಗ ಮರುದಿನ ಬರುವವನು. ಅದಕ್ಕೇ ಬೆಂಚಿನ ಮೇಲೆ, ಊರಿನ ಪ್ಲಂಬರೊಬ್ಬರನ್ನು ಗೋಲಿಯ ವೇಷ ಹಾಕಿಸಿ ಕೂರಿಸಿದ್ದರು. ತುರ್ತಿಗೆಂದು ಹೀಗೆ ಊರವರೊಬ್ಬರನ್ನು ಇಟ್ಟುಕೊಂಡಿರುತ್ತಾರಂತೆ. ಡ್ಯಾನಿಗೆ ಏನೂ ಆಗದಿರಲೆಂದು ಎಲ್ಲರಿಗಿಂತ ಹೆಚ್ಚಾಗಿ ಬೇಡಿಕೊಳ್ಳುತ್ತಿದ್ದವರು ಅವರೇ ಇರಬೇಕು.

ಮೊದಲ ಹೊಡೆತವೇ ಡ್ಯಾನಿಯ ಕಾಲ ಸಂದಿಯಿಂದ ಒಳಗೆ ಹೋಯಿತು. “ಒಬ್ಬಟ್ಟು,” ಎಂದರು ಭಾವ. ಎರಡನೆಯದೂ ಹೋಯಿತು. ಗಿರಿಜ ಮುಖ ಮುಚ್ಚಿಕೊಂಡಳು. ಆಮೇಲೆ ಅವನ ಹೊಟ್ಟೆ ಸರಿಹೋಯಿತೋ, ಮನಸ್ಸು ಸರಿಹೋಯಿತೋ, ಬಿದ್ದು, ಎದ್ದು, ಕಾಲು ಚಾಚಿ, ಬಂದದ್ದನ್ನೆಲ್ಲ ತಡೆಯತೊಡಗಿದ. ಪ್ರತಿ ಸಲವೂ ಈಶಾ ನನ್ನ ತೋಳು ಹಿಂಡಿದಳು. ಅದು ಮರುದಿನ ನೀಲಿಗಟ್ಟಿತ್ತು. ನಮ್ಮವರು ಒಂದು ಗೋಲು ಹೊಡೆದರು. ಭಾವ ಫೋನು ತೆಗೆದು, ‘ಕರ್ಡ್ ರೈಸ್’ ಹೆಸರಿನಲ್ಲಿ, ಡ್ಯಾನಿಯನ್ನು ಕಳಿಸಬಾರದೆಂದು ತಾನು ಮೊದಲಿಂದಲೂ ಹೇಳುತ್ತಿದ್ದೆ ಎಂದು ಬರೆದರು.

ಮೆಗನ್ ಕೂತಿದ್ದು ನನ್ನ ಮತ್ತು ಗಿರಿಜಳ ನಡುವೆ. ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು. ಅವಳು ಗಿರಿಜಳಿಗೆ ಹೇಳುತ್ತಿದ್ದುದು ನನಗೆ ಕೇಳಿತು: ಜನವರಿಯಿಂದ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೇನೆ, ಮಲಗುತ್ತಿದ್ದೇನೆ ಎನ್ನುವುದು ಸುಮ್ಮನೆ. ಅವನು ಅಲ್ಲಿದ್ದು ನಾನು ಇಲ್ಲಿದ್ದರೆ, ಆಸ್ಪತ್ರೆಗೆ ಯಾರ ಜೊತೆ ಹೋಗಲಿ ಎಂದು ಲೆಕ್ಕ ಹಾಕುತ್ತಿದ್ದೆ.

ಗಿರಿಜಳ ಇಂಗ್ಲಿಷು ನನ್ನದಕ್ಕಿಂತ ಕಡಿಮೆ. ಆದರೂ ಅವಳು ಮೆಗನ್‌ಳ ಕೈ ಹಿಡಿದುಕೊಂಡು, ಐ ನೋ, ಐ ನೋ ಎಂದಳು. ಎರಡನೆಯ ಸಲ ಹೇಳುವಾಗ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಆದರೂ ನನಗೆ ತಲೆ ತಗ್ಗಿತು. “ನಾನು ಪತ್ರ ತರಬೇಕಿತ್ತು,” ಎಂದೆ. “ತರಬೇಕಿತ್ತು,” ಎಂದಳು ಅವಳು. ಅಷ್ಟೇ. ಮೂವತ್ತು ವರ್ಷಕ್ಕೆ ಬಂದ ಆ ಒಂದು ಮಾತಿಗೆ ನನ್ನ ಎದೆ ಹಗುರಾಯಿತು.

ಮೂರನೆಯ ಅವಧಿ ಶುರುವಾಗುವಾಗ ಮೆಗನ್‌ಳ ತಲೆ ಗಿರಿಜಳ ಹೆಗಲಿಗೆ ಜಾರಿತ್ತು. ಬಾಯಿ ಅರೆ ತೆರೆದು, ಗಾಢ ನಿದ್ದೆ. ಸುತ್ತ ಐದು ಸಾವಿರ ಜನ ಕಿರುಚುತ್ತಿದ್ದರು, ಡೋಲು ಬಡಿಯುತ್ತಿದ್ದರು, ಗೋಡೆಗೆ ಆಟಗಾರರು ಧಡಾರನೆ ಅಪ್ಪಳಿಸುತ್ತಿದ್ದರು. ಕೆಳಗೆ ಅವಳ ಗಂಡ ಜೀವ ಪಣಕ್ಕಿಟ್ಟವನಂತೆ ಬಿಲ್ಲೆ ತಡೆಯುತ್ತಿದ್ದ. ಅವಳಿಗೆ ಯಾವುದರ ಪರಿವೆಯೂ ಇಲ್ಲ. ಗಿರಿಜ ಸೆರಗು ಬಿಚ್ಚಿ ಅವಳಿಗೆ ಹೊದಿಸಿದಳು.

ಆಟ ಮುಗಿಯಲು ಎರಡು ನಿಮಿಷವಿರುವಾಗ ನಮ್ಮವರು ಸಮ ಮಾಡಿದರು. ಇಡೀ ಕಟ್ಟಡ ಎದ್ದು ನಿಂತಿತು. ನಮ್ಮ ಹಿಂದಿನ ಸಾಲಿನ ದಢೂತಿ ಮನುಷ್ಯನೊಬ್ಬ, ಮುಖಕ್ಕೆಲ್ಲ ತಂಡದ ಬಣ್ಣ ಬಳಿದುಕೊಂಡವನು, ಗ್ಯಾಸಿನ ದೊಡ್ಡ ಹಾರ್ನನ್ನು ನಮ್ಮ ತಲೆಯ ಮೇಲೆಯೇ ಎತ್ತಿದ. ಗಿರಿ‌ಜ ತಿರುಗಿ ಅವನ ಕಡೆ ಒಮ್ಮೆ ನೋಡಿದಳು.

ಅವನು ಹಾರ್ನನ್ನು ಮಡಿಲಲ್ಲಿಟ್ಟುಕೊಂಡು, ಸದ್ದಾಗದ ಹಾಗೆ ಎರಡು ಬೆರಳಿನಿಂದ ಚಪ್ಪಾಳೆ ತಟ್ಟಿದ.